ಬಟ್ಟೆ ಕಟ್ಟಿದ ಬೆಂಡೆ

ಇದನ್ನು ಬರೆಯಬೇಕೆಂದು ಕೂತದ್ದು ಇದು ಮೊದಲ ಸಲವಲ್ಲ. ಪ್ರತಿ ವರ್ಷ ಮೇ ತಿಂಗಳು ಬಂದ ಕೂಡಲೇ ಈ ಸಲ ಹೇಳಿಬಿಡಬೇಕು ಎಂದು ಮನಸ್ಸು ಮಾಡುತ್ತೇನೆ. ಅಷ್ಟರಲ್ಲಿ ಬಾವಿಯ ತಳ ಕಾಣುತ್ತದೆ, ಹಲಸಿನ ಹಣ್ಣು ಬೀಳುತ್ತದೆ, ಯಾರದ್ದಾದರೂ ಮದುವೆ ಬರುತ್ತದೆ, ಕೊನೆಗೆ ಮಳೆ ಹಿಡಿಯುತ್ತದೆ. ಮಳೆ ಹಿಡಿದ ಮೇಲೆ ಇಂಥ ವಿಷಯ ಎತ್ತಬಾರದು ಎಂದು ನನಗೆ ನಾನೇ ಒಂದು ಕಾನೂನು ಮಾಡಿಕೊಂಡಿದ್ದೇನೆ. ಹಾಗೆ ಹನ್ನೆರಡು ಮಳೆಗಾಲ ಕಳೆಯಿತು. ನಾನು ಮೂವತ್ತು ವರ್ಷ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿದ್ದವನು. ಖಾಸಗಿ ಬಸ್ಸು ಒಂದು ನಿಮಿಷ ಹೆಚ್ಚು ನಿಂತರೆ ಸೀಟಿ ಊದಿ, ಡ್ರೈವರನ ಅಜ್ಜನವರೆಗೆ ಹೋಗಿ ಬೈದವನು. ಅಂಥವನ ಬಾಯಿಂದ ಹೊರಡಬೇಕಾದ ಒಂದು ಮಾತು ಹನ್ನೆರಡು ವರ್ಷ ತಡವಾಗಿದೆ. ಬೇರೆ ಯಾರಾದರೂ ಆಗಿದ್ದರೆ ನಾನು ಅವರ ಪರ್ಮಿಟ್ಟನ್ನೇ ರದ್ದು ಮಾಡಿಸುತ್ತಿದ್ದೆ.

ಇವತ್ತು ಬೆಳಿಗ್ಗೆ ಬೀಜಕ್ಕೆಂದು ಬಿಟ್ಟ ಬೆಂಡೆಕಾಯಿಗೆ ಕಟ್ಟಲು ಒಂದು ಬಟ್ಟೆಯ ಚೂರು ಹುಡುಕುತ್ತಿದ್ದೆ. ನಮ್ಮ ಕಡೆ ಅದು ರೂಢಿ. ಬಟ್ಟೆ ಕಟ್ಟಿದ ಕಾಯಿಯನ್ನು ಮನೆಯವರೂ ಕೀಳುವುದಿಲ್ಲ, ಹೊರಗಿನವರೂ ಮುಟ್ಟುವುದಿಲ್ಲ. ಬೀಜದ ಡಬ್ಬಿಯಲ್ಲಿ ಏನಾದರೂ ಇರಬಹುದೆಂದು ಮುಚ್ಚಳ ತೆಗೆದೆ. ತಳದಲ್ಲಿ ಎರಡು ತುಂಡು ಬಟ್ಟೆ ಇದ್ದವು. ಒಂದು ಕಾಲದಲ್ಲಿ ನೀಲಿ ಇದ್ದದ್ದು ಈಗ ಬೂದಿಯ ಬಣ್ಣಕ್ಕೆ ಬಂದಿದೆ. ನೋಡಿದ ಕೂಡಲೇ ಮುಚ್ಚಳ ಹಾಕಿ, ನನ್ನ ಹಳೆಯ ಬನಿಯನ್ನಿನ ಅಂಚು ಹರಿದು ಕಾಯಿಗೆ ಕಟ್ಟಿ ಬಂದೆ. ಆಮೇಲೆ ಚಹಾ ಕುಡಿದೆ. ಆಮೇಲೆ ಈ ಕಾಗದ ತೆಗೆದುಕೊಂಡೆ.

ಮೊದಲು ಹಿತ್ತಲಿನ ಸುದ್ದಿ ಹೇಳುತ್ತೇನೆ. ಈ ವರ್ಷ ಅದು ಹೇಳಿಕೊಳ್ಳುವ ಹಾಗಿದೆ.

ನಮ್ಮದು ಐದು ಸೆಂಟ್ಸ್ ಜಾಗ. ಮೂರು ಸೆಂಟ್ಸನ್ನು ಮನೆಯೇ ನುಂಗಿದೆ. ಉಳಿದದ್ದು ಮುರಕಲ್ಲಿನ ನೆಲ, ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಆದರೆ ಈಗ, ಮೇ ತಿಂಗಳ ನಡುವಿನಲ್ಲಿ, ನೀವೊಮ್ಮೆ ಬಂದು ನೋಡಬೇಕು. ಬಚ್ಚಲ ನೀರು ಹರಿಯುವ ಕಡೆ ಬಸಳೆಯ ಚಪ್ಪರ, ಒಂದೊಂದು ಎಲೆ ನನ್ನ ಅಂಗೈಗಿಂತ ದೊಡ್ಡದು. ತೊಂಡೆಯ ಬಳ್ಳಿ ಬಟ್ಟೆ ಒಣಗಿಸುವ ಸರಿಗೆಯನ್ನು ತನ್ನದೇ ಮಾಡಿಕೊಂಡಿದೆ. ನನ್ನ ಹೆಂಡತಿ ವಾರಿಜ ಒದ್ದೆ ಸೀರೆ ಹಿಡಿದುಕೊಂಡು ಅದರ ಮುಂದೆ ನಿಂತು, ಬಳ್ಳಿಯನ್ನು ಬಿಟ್ಟು ನನ್ನ ಮುಖ ನೋಡುತ್ತಾಳೆ. ಪಡುವಲಕಾಯಿಯ ಬಾಲಕ್ಕೆ ಕಲ್ಲು ಕಟ್ಟಿ ಬಿಟ್ಟಿದ್ದೇನೆ, ಕವಾಯತಿಗೆ ನಿಂತವರ ಹಾಗೆ ನೆಟ್ಟಗಿವೆ. ಹನ್ನೊಂದು ಸೌತೆಕಾಯಿ ಬಾಳೆನಾರಿನಲ್ಲಿ ಕಟ್ಟಿಸಿಕೊಂಡು ಅಡುಗೆಮನೆಯ ಮಾಡಿನಿಂದ ನೇತಾಡುತ್ತಿವೆ. ಆಗಸ್ಟ್ ಕಳೆಯುವವರೆಗೆ ಸಾಂಬಾರಿಗೆ ಚಿಂತೆ ಇಲ್ಲ.

ಇವೆಲ್ಲ ಪರಿವಾರ. ರಾಜ ಬೇರೆ ಇದ್ದಾನೆ. ಪೂರ್ವದ ಪಾಗಾರದ, ಅಂದರೆ ಕಾಂಪೌಂಡ್ ಗೋಡೆಯ, ಉದ್ದಕ್ಕೂ ಇಪ್ಪತ್ತೆರಡು ಬೆಂಡೆಯ ಗಿಡ, ನನಗಿಂತ ಎತ್ತರ. ಕಾಯಿ ಹಾಲಿನ ಕೆನೆಯ ಬಣ್ಣದ್ದು, ಎಂಟು ಏಣಿನದ್ದು, ಮೊಣಕೈಯಿಂದ ಮಣಿಕಟ್ಟಿನವರೆಗಿನಷ್ಟು ಉದ್ದ. ಇಷ್ಟುದ್ದ ಬೆಳೆದ ಪೇಟೆಯ ಬೆಂಡೆಯನ್ನು ಕತ್ತರಿಸಬೇಕಾದರೆ ಗರಗಸ ಬೇಕು. ಇದನ್ನು ಬೆರಳಲ್ಲಿ ಮುರಿದರೆ ಟಕ್ಕೆಂದು ಮುರಿಯುತ್ತದೆ. ಹತ್ತಿರದ ತೋಟಗಳಲ್ಲಿ ಪ್ಯಾಕೆಟ್ಟಿನ ಹೈಬ್ರಿಡ್ ಬೆಂಡೆಗಳು ಹಳದಿ ರೋಗ ಬಂದು ಎಲೆ ಮುರುಟಿಸಿಕೊಂಡು ನಿಂತಿವೆ. ನಮ್ಮದಕ್ಕೆ ವಾರಿಜ ಕಟ್ಟುವ ಬೀಡಿಯ ಹೊಗೆಸೊಪ್ಪಿನ ಧೂಳನ್ನು ನೀರಿನಲ್ಲಿ ನೆನೆಸಿ ಚಿಮುಕಿಸುವುದು ಬಿಟ್ಟರೆ ಬೇರೆ ಉಪಚಾರ ಇಲ್ಲ.

ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಇದಕ್ಕೆ ಒಂದು ಹೆಸರಿದೆ. ಟೈಮ್ ಕೀಪರ್ ಬೆಂಡೆ. ನನ್ನ ಹೆಸರಲ್ಲಿ ಒಂದು ರಸ್ತೆ ಇಲ್ಲ, ಒಂದು ಕಟ್ಟೆ ಇಲ್ಲ, ರೇಷನ್ ಕಾರ್ಡಿನಲ್ಲಿ ಕೂಡ ಹೆಸರು ತಪ್ಪಿದೆ. ಬೆಂಡೆಗೆ ಮಾತ್ರ ನನ್ನ ಕೆಲಸದ ಹೆಸರು ಬಿದ್ದಿದೆ. ಅದು ಹೇಗೆ ಬಿತ್ತು ಎಂಬುದನ್ನೇ ನಾನು ಇಷ್ಟು ವರ್ಷ ಹೇಳದೆ ಉಳಿಸಿಕೊಂಡದ್ದು.

ಪಾಗಾರದ ಆಚೆ ಬ್ಯಾರಿ ಮುಸ್ಲಿಮರ ಮನೆ. ಯಜಮಾನರು ಸಂತೆಗಳಲ್ಲಿ ಒಣಮೀನು ಮಾರಿ ಮನೆ ಕಟ್ಟಿ, ಬೇಗ ತೀರಿಕೊಂಡವರು. ಮಗ ಸೌದಿಯಲ್ಲಿ ಡ್ರೈವರ್. ಮನೆ ನೋಡಿಕೊಂಡಿದ್ದವರು ಆ ಮಗನ ತಾಯಿ. ಇಡೀ ಓಣಿಗೆ ಅವರು ಉಮ್ಮ, ಅಂದರೆ ಅಮ್ಮ. ನಮ್ಮ ಮನೆಯಲ್ಲೂ ಅವರನ್ನು ಹಾಗೆಯೇ ಕರೆಯುತ್ತಿದ್ದೆವು. ನಮ್ಮೊಳಗಿನ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಈ ಬೆಂಡೆ ಉಮ್ಮನದ್ದು. ಅವರ ಮದುವೆಯ ದಿನ ಅವರ ತಾಯಿ ಮಡಿಲಿಗೆ ಹಾಕಿ ಕಳಿಸಿದ ಬೀಜ. ವರ್ಷಕ್ಕೆ ಎರಡು ಸಲ ಬಿತ್ತುತ್ತಿದ್ದರು, ಎರಡು ಸಲ ಪಾಗಾರದ ಮೇಲಿನಿಂದ ಒಂದೊಂದು ಹಿಡಿ ಕಾಯಿ ನಮಗೆ ಬರುತ್ತಿತ್ತು. ನಾನೂ ಬೆಂಡೆ ಹಾಕುತ್ತಿದ್ದೆ. ಹಸಿರು, ಗಿಡ್ಡ, ಮೈತುಂಬ ಮುಳ್ಳಿನಂಥ ರೋಮ. ವಾರಿಜ ಎರಡನ್ನೂ ತಡ್ಪೆಯಲ್ಲಿ, ಅಂದರೆ ಮೊರದಲ್ಲಿ, ಅಕ್ಕಪಕ್ಕ ಇಟ್ಟು ನನ್ನ ಮುಂದೆ ತರುತ್ತಿದ್ದಳು.

"ಇದು ಉಮ್ಮನದ್ದು. ಇದು ನಿಮ್ಮದು."

"ಗೊತ್ತುಂಟು."

"ಗೊತ್ತಾಗದಿದ್ರೆ ಅಂತ ಹೇಳಿದ್ದು."

ಒಂದು ಬೀಜ ಕೊಡಿ ಎಂದು ಕೇಳಿದ್ದರೆ ಉಮ್ಮ ಹಿಡಿ ತುಂಬ ಕೊಡುತ್ತಿದ್ದರು. ಆದರೆ ನಾನು ಕೇಳುವ ಮನೆತನದಲ್ಲಿ ಹುಟ್ಟಿದವನಲ್ಲ. ನನ್ನ ಅಮ್ಮ ನಾರಾವಿಯವಳು. ಕೇಳಿ ತಂದ ಗಿಡ ಹಿಡಿಯುವುದಿಲ್ಲ, ಕದ್ದು ತಂದದ್ದು ಮಾತ್ರ ಹಿಡಿಯುತ್ತದೆ ಎಂಬುದು ಅವಳ ಗಟ್ಟಿ ನಂಬಿಕೆ. ಅವಳದ್ದು ಮಾತ್ರವಲ್ಲ, ಆ ಕಾಲದ ಎಲ್ಲ ಹೆಂಗಸರದ್ದು. ನಾನು ಏಳು ವರ್ಷದವನಿದ್ದಾಗ ಅವಳು ನನ್ನನ್ನು ಕರೆದುಕೊಂಡು ಒಂದು ಮನೆಗೆ ವೀಳ್ಯದ ಬಳ್ಳಿ ಕದಿಯಲು ಹೋಗಿದ್ದಳು. ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿದು, ಸುಖದುಃಖ ಮಾತಾಡಿ, ಹೊರಡುವಾಗ ಅಂಗಳದಲ್ಲಿ ಒಂದು ಗಳಿಗೆ ನಿಂತಳು. ಆ ಮನೆಯ ಹೆಂಗಸು ಬೇಕೆಂದೇ ಕೊಟ್ಟಿಗೆಯ ಕಡೆ ತಿರುಗಿ, ಇಲ್ಲದ ಕರುವನ್ನು ಗದರಿಸಲು ಶುರು ಮಾಡಿದಳು. ಅಷ್ಟರಲ್ಲಿ ಒಂದು ಗೇಣು ಬಳ್ಳಿ ನನ್ನ ಚಡ್ಡಿಯ ಕಿಸೆಯೊಳಗೆ ಇತ್ತು. ದಾರಿಯುದ್ದಕ್ಕೂ ನಾನು ಪೊಲೀಸರು ಬರುತ್ತಾರೆಂದು ಹಿಂದೆ ನೋಡುತ್ತ ನಡೆದೆ.

"ಅವರು ನೋಡಿದ್ದಾರೆ ಅಮ್ಮ," ಎಂದೆ.

"ನೋಡದೆ ಮತ್ತೆ? ಕೊಡುವುದು ಹಾಗೆಯೇ ಮಗ."

ನಮ್ಮ ಮನೆಯ ಮಲ್ಲಿಗೆ, ದಾಸವಾಳ, ಕರಿಬೇವು, ಎಲ್ಲವೂ ಹೀಗೆ ಬೇರೆಯವರು ಮುಖ ತಿರುಗಿಸಿದಾಗ ಬಂದವು. ಆದರೆ ಆ ಕಳ್ಳತನಕ್ಕೂ ಒಂದು ಮರ್ಯಾದೆ ಇತ್ತು. ತಾಯಿಗಿಡಕ್ಕೆ ನೋವಾಗದಷ್ಟು ಒಂದು ತುಂಡು ಮಾತ್ರ ಮುರಿಯಬೇಕು. ಬಟ್ಟೆ ಕಟ್ಟಿದ್ದಕ್ಕೆ ಕೈ ಹಾಕಲೇಬಾರದು. ಅಮ್ಮ ಬಾಯಲ್ಲಿ ಹೇಳದೆ, ಮಾಡಿ ತೋರಿಸಿದ ಕ್ರಮ ಇದು. ಅವಳಿಂದ ನಾನು ಕದಿಯುವುದನ್ನು ಕಲಿತೆ, ಮರ್ಯಾದೆಯನ್ನು ಕಲಿಯಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಮೇ ತಿಂಗಳು. ಉಮ್ಮ ಬೇಸಿಗೆಯ ಬೆಂಡೆ ಮುಗಿಸಿ, ಎರಡು ಗಿಡಗಳಲ್ಲಿ ಒಂದೊಂದು ಕಾಯಿ ಬೀಜಕ್ಕೆ ಬಿಟ್ಟಿದ್ದರು. ಹಳೆಯ ನೀಲಿ ಬಟ್ಟೆಯ ಅಂಚು ಹರಿದು ಎರಡಕ್ಕೂ ಕಟ್ಟಿದ್ದರು. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ದಿನ ಕಳೆದ ಮೇಲೆ ನಮ್ಮ ಕಡೆ ಮಳೆಗಾಲದ ಬೀಜ ಹಾಕುವುದು. ಉಮ್ಮನೂ ಅದೇ ಲೆಕ್ಕ ನೋಡುತ್ತಿದ್ದರು. ಅದಕ್ಕೆ ಇನ್ನು ನಾಲ್ಕೈದು ದಿನ ಇತ್ತು.

ನಾನು ಮೊದಲ ಬಸ್ಸು ಬಿಡಲು ಐದೂಕಾಲಿಗೆ ಮನೆಯಿಂದ ಹೊರಡುತ್ತಿದ್ದೆ. ಆ ಹೊತ್ತಿಗೆ ಆಚೆ ಮನೆಯಲ್ಲಿ ಬೆಳಗಿನ ನಮಾಜು. ಹಿತ್ತಲಲ್ಲಿ ಯಾರೂ ಇರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಹೊತ್ತು ಆರಿಸಿದೆ. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಗೊತ್ತಿಲ್ಲ.

ಪಾಗಾರ ಸೊಂಟದ ಎತ್ತರ. ದಾಟಿದೆ. ಒಣಗಿದ ಕಾಯಿಯನ್ನು ಮುರಿಯಲು ನೋಡಿದೆ, ತೊಟ್ಟು ಗಟ್ಟಿ ಇತ್ತು. ಎಳೆದ ರಭಸಕ್ಕೆ ಗಿಡವೇ ಬೇರಿನ ಸಮೇತ ಬಂತು. ಒಂದು ಕಾಯಿಯಲ್ಲಿ ಐವತ್ತು ಅರುವತ್ತು ಬೀಜ ಇರುತ್ತದೆ. ನನ್ನ ಎರಡು ಸೆಂಟ್ಸಿಗೆ ಅದು ಧಾರಾಳ. ಅಲ್ಲಿಗೆ ನಿಲ್ಲಿಸಿದ್ದರೆ ಅದು ಅಮ್ಮನ ಕಾಲದ ಕಳ್ಳತನ ಆಗುತ್ತಿತ್ತೇನೋ. ನಾನು ಎರಡನೆಯ ಗಿಡವನ್ನೂ ಎಳೆದೆ. ಅದು ಬೀಜಕ್ಕಾಗಿ ಅಲ್ಲ. ಆಚೆ ಹಿತ್ತಲಿನಲ್ಲಿ ಅದು ಇರಬಾರದು, ನನ್ನಲ್ಲಿ ಮಾತ್ರ ಇರಬೇಕು ಎಂದು. ತಡ್ಪೆಯಲ್ಲಿ ನನ್ನದರ ಪಕ್ಕ ಇಡಲು ಬೇರೆ ಯಾವುದೂ ಇರಬಾರದು ಎಂದು. ಐವತ್ತು ದಾಟಿದ ಮನುಷ್ಯನಿಗೆ ಬೆಂಡೆಕಾಯಿಯ ಮೇಲೆ ಇಷ್ಟು ಹೊಟ್ಟೆಕಿಚ್ಚು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಗಿಡಗಳನ್ನು ನಮ್ಮ ಬಚ್ಚಲ ಒಲೆಗೆ ತುರುಕಿ, ಕಾಯಿಗಳನ್ನು ಬಟ್ಟೆಯ ಸಮೇತ ಕಿಸೆಗೆ ಹಾಕಿ ಬಸ್‌ಸ್ಟ್ಯಾಂಡಿಗೆ ಹೋದೆ. ಬೆಳ್ತಂಗಡಿಯ ಬಸ್ಸು ಆ ದಿನ ಸರಿಯಾದ ಹೊತ್ತಿಗೆ ಹೊರಟಿತು. ಸೀಟಿ ಊದುವಾಗ ಕಿಸೆಯೊಳಗೆ ಬೀಜ ಗಲಗಲ ಅನ್ನುತ್ತಿತ್ತು.

ಹನ್ನೊಂದು ಗಂಟೆಗೆ ಗಂಜಿಗೆಂದು ಮನೆಗೆ ಬಂದೆ. ಆಚೆ ಹಿತ್ತಲಲ್ಲಿ ಉಮ್ಮನೂ ಅವರ ಸೊಸೆಯೂ ನಿಂತಿದ್ದರು. ಸೊಸೆ ಬಂಟ್ವಾಳ ಪೇಟೆಯ ಹುಡುಗಿ, ಮದುವೆಯಾಗಿ ಬಂದು ಮೂರು ತಿಂಗಳಾಗಿತ್ತು. ಮನೆಯ ಎದುರು ಅಂಗಡಿಸಾಲು, ಹಿಂದೆ ಹೊಳೆ, ನಡುವೆ ಒಂದು ಗಿಡ ನೆಡಲು ಜಾಗವಿಲ್ಲದ ಕಡೆ ಹುಟ್ಟಿದವಳು. ಗಂಡ ರಜೆ ಮುಗಿಸಿ ಸೌದಿಗೆ ಹೋಗಿಯಾಗಿತ್ತು. ಅತ್ತೆಗೆ ಸಂತೋಷವಾಗಲಿ ಎಂದು ಅವಳು ಹಿಂದಿನ ದಿನ ಹಿತ್ತಲಿನಲ್ಲಿ ಒಣಗಿ ನಿಂತಿದ್ದ ಬೆಂಡೆಯ ಗಿಡಗಳನ್ನೆಲ್ಲ ಕಿತ್ತು ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸಿದ್ದಳಂತೆ. ಇದು ನನಗೆ ಗೊತ್ತಾದದ್ದೇ ಆಗ, ಬೆಳಗಿನ ಕತ್ತಲಲ್ಲಿ ನಾನು ಸುತ್ತ ನೋಡಿರಲಿಲ್ಲ.

"ಬಟ್ಟೆ ಕಟ್ಟಿದ್ದು ಎಲ್ಲಿ?" ಎಂದು ಉಮ್ಮ ಕೇಳಿದರು.

"ಅದೆರಡನ್ನು ಬಿಟ್ಟಿದ್ದೇನೆ ಉಮ್ಮ. ಬೇರೆಯದ್ದು ಮಾತ್ರ ಕಿತ್ತದ್ದು."

"ಬಿಟ್ಟಿದ್ರೆ ತೋರಿಸು."

ಹುಡುಗಿ ಸುತ್ತ ನೋಡಿದಳು. ನೆಲದಲ್ಲಿ ಎಲ್ಲ ಕಡೆಯೂ ಗಿಡ ಕಿತ್ತ ಗುಂಡಿಗಳೇ. ನಾನು ಮಾಡಿದ ಎರಡು ಗುಂಡಿಗೆ ಬೇರೆ ಗುರುತು ಇರಲಿಲ್ಲ.

"ಬಿಟ್ಟಿದ್ದೆ ಉಮ್ಮ."

"ಹಾಗಾದ್ರೆ ಗಿಡ ಎದ್ದು ನಡೆದುಕೊಂಡು ಹೋಯ್ತಾ?"

"ಬಿಟ್ಟಿದ್ದೆ ಅಂತ ನನಗೆ ನೆನಪು."

ಉಮ್ಮ ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟರು. "ನನ್ನ ಉಮ್ಮ ಕೊಟ್ಟದ್ದು ಅಂತ ನನ್ನ ಹತ್ರ ಇದ್ದದ್ದು ಅದೊಂದೇ," ಎಂದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು.

"ಟೈಮ್ ಕೀಪರ, ಬೆಳಿಗ್ಗೆ ಹೋಗುವಾಗ ಈ ಕಡೆ ದನ ಗಿನ ಕಂಡದ್ದುಂಟಾ?"

ದನ ಬಂದಿತ್ತು ಎಂದು ಒಂದು ಸುಳ್ಳು ಹೇಳಿದ್ದರೂ ಆ ಹುಡುಗಿ ಬಚಾವಾಗುತ್ತಿದ್ದಳು. ಅಷ್ಟು ಸಣ್ಣ ಉಪಕಾರವೂ ನನ್ನಿಂದ ಆಗಲಿಲ್ಲ. ದನ ಎಂದರೆ ಯಾರ ದನ, ಎಷ್ಟು ಗಂಟೆಗೆ ಎಂಬ ಪ್ರಶ್ನೆ ಬರುತ್ತದೆ. ಜೀವನವಿಡೀ ಇನ್ನೊಬ್ಬರ ಹತ್ತಿರ ಗಂಟೆ ಕೇಳಿದವನಿಗೆ ತನ್ನ ಗಂಟೆ ಹೇಳಲು ಭಯ.

"ಇಲ್ಲ ಉಮ್ಮ, ನಾನು ಎಂತದೂ ನೋಡಿಲ್ಲ," ಎಂದು ಹೇಳಿ ಒಳಗೆ ಹೋಗಿ ಎರಡು ಬಟ್ಟಲು ಗಂಜಿ ಉಂಡೆ. ಉಪ್ಪಿನಕಾಯಿಯನ್ನೂ ಹಾಕಿಸಿಕೊಂಡೆ.

ಆ ದಿನದಿಂದ ಸೊಸೆಗೆ ಹಿತ್ತಲು ಬಂದ್. "ನೀನು ಬೀಡಿ ಕಟ್ಟು, ಗಿಡದ ತಂಟೆ ಬೇಡ," ಎಂದು ಉಮ್ಮ ಹೇಳಿದರು. ಅವರು ಕೆಟ್ಟವರಲ್ಲ. ಸೊಸೆಗೆ ಜ್ವರ ಬಂದರೆ ರಾತ್ರಿಯಿಡೀ ಕೂರುವವರು. ಆದರೆ ಬೆಂಡೆಯ ವಿಷಯದಲ್ಲಿ ಮನಸ್ಸು ಒಡೆದಿತ್ತು.

ಜುಲೈ ಕೊನೆಗೆ ನನ್ನ ಹಿತ್ತಲಲ್ಲಿ ಬಿಳಿ ಬೆಂಡೆ ನೇತಾಡಿತು. ಗಿಡಕ್ಕೆ ಗುಟ್ಟು ತಿಳಿಯುವುದಿಲ್ಲ, ಅದು ಪಾಗಾರದ ಮೇಲೆ ತಲೆ ಎತ್ತಿ ನಿಂತಿತು. ಉಮ್ಮ ಕೊಡೆ ಹಿಡಿದು ಬಂದು ನೋಡಿದರು. ತುಂಬ ಹೊತ್ತು ನೋಡಿದರು.

"ಇದು ನಮ್ಮದರ ಹಾಗೆಯೇ ಉಂಟಲ್ಲ ಟೈಮ್ ಕೀಪರ."

"ನಾರಾವಿಯಿಂದ ತಂದದ್ದು ಉಮ್ಮ. ನನ್ನ ಚಿಕ್ಕಮ್ಮನ ಮನೆಯಲ್ಲಿ ಇತ್ತು."

ಉಮ್ಮನ ಮುಖದಲ್ಲಿ ಬಂದ ಬೆಳಕನ್ನು ನಾನು ಮರೆಯುವುದಿಲ್ಲ. "ಹಾಗಾದ್ರೆ ಹೋಗಿಲ್ಲ. ಎಲ್ಲೋ ಒಂದು ಕಡೆ ಉಳಿದುಕೊಂಡಿತ್ತು," ಎಂದರು. ಕಣ್ಣು ಒರೆಸಿಕೊಂಡರು. ನಾನು ಆ ಕ್ಷಣಕ್ಕೆ ಒಳ್ಳೆಯವನಾಗಿಬಿಟ್ಟೆ. ಬೀಜ ಬಲಿತ ಕೂಡಲೇ ನಿಮಗೇ ಮೊದಲು ಕೊಡುತ್ತೇನೆ ಎಂದೆ. ಕೊಟ್ಟೆ ಕೂಡ. ಅವರದ್ದೇ ಬೀಜವನ್ನು ಅವರ ಅಂಗೈಗೆ ಹಾಕಿ, ಅವರ ಬಾಯಿಂದ ದೇವರು ನಿನಗೆ ಒಳ್ಳೆಯದು ಮಾಡಲಿ ಎಂದು ಹರಸಿಸಿಕೊಂಡೆ.

ಉಮ್ಮನಿಗೆ ನಾರಾವಿಯ ಸುಳ್ಳು ಹೇಳಿದ ದಿನ ರಾತ್ರಿಯೇ, ಊಟಕ್ಕೆ ಬಡಿಸುತ್ತ ವಾರಿಜ ಕೇಳಿದಳು, "ನಾರಾವಿಯ ಚಿಕ್ಕಮ್ಮ ಅಂದ್ರೆ ಯಾರು? ಸತ್ತು ಹೋದವರಾ?"

"ಹೂಂ."

"ಸತ್ತವರು ಬೀಜ ಕೊಟ್ರಾ?"

ನಾನು ಅನ್ನ ಕಲಸಿದೆ. ಅವಳು ಸೆರಗಿನ ಗಂಟು ಬಿಚ್ಚಿ ಎರಡು ನೀಲಿ ಬಟ್ಟೆಯ ತುಂಡು ತೆಗೆದು ಎಲೆಯ ಪಕ್ಕ ಇಟ್ಟಳು. ಅಂಗಿ ಒಗೆಯುವಾಗ ಕಿಸೆಯಲ್ಲಿ ಸಿಕ್ಕಿತ್ತಂತೆ. ಎರಡು ತಿಂಗಳು ಇಟ್ಟುಕೊಂಡಿದ್ದಳು. "ಹೋಗಿ ಹೇಳಿ ಬನ್ನಿ," ಎಂದಳು.

"ಹೇಳ್ತೇನೆ."

"ಯಾವಾಗ?"

"ಮಳೆ ಬಿಡಲಿ."

ಮಳೆ ಬಿಟ್ಟಿತು, ನಾನು ಬಾಯಿ ಬಿಡಲಿಲ್ಲ. ಬಟ್ಟೆ ಬೀಜದ ಡಬ್ಬಿಗೆ ಹೋಯಿತು.

ಮುಂದಿನದ್ದು ಬೆಂಡೆಯ ದಿಗ್ವಿಜಯ. ನಮ್ಮ ಜಿಲ್ಲೆಯ ಖಾಸಗಿ ಬಸ್ಸುಗಳು ಮನುಷ್ಯರನ್ನು ಮಾತ್ರ ಸಾಗಿಸುವುದಿಲ್ಲ. ಔಷಧ, ಮದುವೆ ಕಾಗದ, ಕನ್ನಡಕ, ಮರೆತುಹೋದ ಹಲ್ಲಿನ ಸೆಟ್ಟು, ಎಲ್ಲವೂ ಕಂಡಕ್ಟರನ ಕೈಯಲ್ಲಿ ಹೋಗುತ್ತವೆ. ನಾನು ಬೀಜವನ್ನು ಟಿಕೆಟ್ ಪುಸ್ತಕದ ಹಿಂಬದಿಯ ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಡತೊಡಗಿದೆ. ಒಬ್ಬ ಕಂಡಕ್ಟರ್ ಚಾರ್ಮಾಡಿಯ ತನ್ನ ಮಾವನ ಮನೆಗೆ ಒಯ್ದ. ಉಜಿರೆಯ ಒಂದು ಹಾಸ್ಟೆಲಿನ ಅಡುಗೆಭಟ್ಟರು ಹೇಳಿ ಕಳಿಸಿ ತರಿಸಿಕೊಂಡರು. ಬಂಟ್ವಾಳದ ಕಡೆಗೆ ಹೋದದ್ದು ಹೊಳೆಬದಿಯ ಮಣ್ಣಿನಲ್ಲಿ ನಮ್ಮದಕ್ಕಿಂತ ನಾಲ್ಕು ಬೆರಳು ಉದ್ದ ಬಂತು. ಅಲ್ಲಿಯ ಡ್ರೈವರ್ ಅದನ್ನು ಸ್ಟೇರಿಂಗಿನ ಪಕ್ಕ ಇಟ್ಟುಕೊಂಡು ಬಂದು ಸ್ಟ್ಯಾಂಡಿನಲ್ಲಿ ಎಲ್ಲರಿಗೂ ತೋರಿಸಿದ.

"ನೋಡಿ ಮಾರಾಯ್ರೆ, ಟೈಮ್ ಕೀಪರ್ ಬೆಂಡೆ. ಟೈಮ್ ಕೀಪರನ ನಾಲಗೆಯಷ್ಟು ಉದ್ದ."

ಹೆಸರು ಹಾಗೆ ಬಿತ್ತು. ನಾನು ಬೇಡ ಎನ್ನಲಿಲ್ಲ. ನನ್ನ ಎದೆ ಎಷ್ಟು ಉಬ್ಬಿತೆಂದರೆ ಆ ದಿನ ಬಂಟ್ವಾಳದ ಬಸ್ಸಿಗೆ ಎರಡು ನಿಮಿಷ ಹೆಚ್ಚು ಕೊಟ್ಟೆ.

ಇತ್ತ ಉಮ್ಮನ ಹಿತ್ತಲಲ್ಲೂ ಬೆಂಡೆ ಮತ್ತೆ ಎದ್ದು ನಿಂತಿತು. ಕಥೆಯೂ ಅದರ ಜೊತೆ ಬೆಳೆಯಿತು. ನೆಂಟರು ಬಂದರೆ ಉಮ್ಮ ಕಾಯಿ ತೋರಿಸಿ, "ನನ್ನ ಸೊಸೆ ಬೆಂಡೆ ಬೀಜ ಉರಿಸಿ ನೀರು ಕಾಯಿಸಿದವಳು. ಈ ಟೈಮ್ ಕೀಪರ ಇಲ್ಲದಿದ್ರೆ ನನ್ನ ಉಮ್ಮನ ಬೀಜ ಬೂದಿಯೇ," ಎನ್ನುತ್ತಿದ್ದರು. ಮೊದಮೊದಲು ಸಿಟ್ಟಿನಲ್ಲಿ ಹೇಳಿದ್ದು, ಆಮೇಲೆ ನಗೆಯ ಮಾತಾಯಿತು. ಓಣಿಯಲ್ಲಿ ಅವಳಿಗೆ ಬೀಜ ಉರಿಸಿದ ಸೊಸೆ ಎಂದೇ ಹೆಸರು. ಮಕ್ಕಳೂ ಹಾಗೆಯೇ ಅನ್ನುತ್ತಿದ್ದವು. ಅವಳು ನಗುತ್ತಿದ್ದಳು. ಮೆಟ್ಟಿಲ ಮೇಲೆ ಬೀಡಿಯ ತಡ್ಪೆ ಮಡಿಲಲ್ಲಿಟ್ಟುಕೊಂಡು, ಎಲೆ ಕತ್ತರಿಸುತ್ತ, ತಲೆ ಎತ್ತದೆ ನಗುತ್ತಿದ್ದಳು. ಒಂದೇ ಬೀಜದಿಂದ ನನಗೊಂದು ಹೆಸರು ಬಂತು, ಅವಳಿಗೊಂದು.

ವರ್ಷಗಳು ಕಳೆದವು. ಉಮ್ಮನಿಗೆ ಮಂಡಿನೋವು ಬಂದು ಬಾಗಲಿಕ್ಕೆ ಆಗದಂತಾದಾಗ ಹಾರೆ ಸೊಸೆಯ ಕೈಗೆ ಬಂತು. ಮೊದಲ ವರ್ಷ ಉಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾವಲು ಕಾದರು. "ಬಟ್ಟೆ ಕಟ್ಟಿದ್ದನ್ನು ನೋಡಿಕೋ," ಎಂದು ದಿನಕ್ಕೆ ಹತ್ತು ಸಲ. ಎರಡನೆಯ ವರ್ಷ ಕುರ್ಚಿಯಲ್ಲಿಯೇ ನಿದ್ದೆ ಮಾಡುವಷ್ಟು ನಂಬಿಕೆ ಬಂತು. ಎರಡು ವರ್ಷದ ಹಿಂದೆ ಉಮ್ಮ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ದಿನ ನಾನು ಊಟ ಮಾಡಲಿಲ್ಲ. ಅವರಿಗೆ ಹೇಳುವ ಬಸ್ಸು ನನಗೆ ತಪ್ಪಿತ್ತು.

ಆಚೆಯ ಹಿತ್ತಲನ್ನು ಈಗ ನೋಡಬೇಕು. ನನ್ನದು ಹೊಗಳಿಕೊಂಡೆನಲ್ಲ, ಅದರ ಎದುರು ನನ್ನದು ಶಾಲೆಯ ಮಕ್ಕಳ ಕೆಲಸ. ಬಸಳೆಯ ಚಪ್ಪರದ ಕೆಳಗೆ ಕುರ್ಚಿ ಹಾಕಿ ನಾಲ್ಕು ಜನ ಕೂರಬಹುದು. ಹೊರಗೆಲ್ಲ ನೆಲ ಬಿರಿದಿರುವಾಗ ಅಲ್ಲಿ ಅಲಸಂಡೆ ಕೈಗೆ ಸಿಕ್ಕುವಷ್ಟು ಇಳಿದಿದೆ. ಬೆಂಡೆಯಂತೂ ಪಾಗಾರದ ಆಚೆಯಿಂದ ನನ್ನ ಗಿಡಗಳ ತಲೆ ಸವರುತ್ತದೆ. ಯಾರು ಬಂದು ಬೀಜ ಕೇಳಿದರೂ ಅವಳು ಇಲ್ಲ ಎನ್ನುವುದಿಲ್ಲ. ಚೀಟಿಯಲ್ಲಿ ಹೇಗೆ ಹಾಕಬೇಕು, ಯಾವಾಗ ಹಾಕಬೇಕು ಎಂದು ದುಂಡು ಅಕ್ಷರದಲ್ಲಿ ಬರೆದು ಕೊಡುತ್ತಾಳೆ. ಹತ್ತನೆಯ ತರಗತಿ ಪಾಸಾದವಳು, ಕನ್ನಡ ನನಗಿಂತ ಚೆನ್ನಾಗಿ ಬರುತ್ತದೆ.

ಕಳೆದ ಮಳೆಗಾಲದಲ್ಲಿ ನನ್ನ ಬೀಜದ ಡಬ್ಬಿಗೆ ಬೂದಿ ಹಾಕಲು ಮರೆತೆ. ಜನವರಿಯಲ್ಲಿ ತೆಗೆದು ನೋಡಿದರೆ ಎಲ್ಲ ಟೊಳ್ಳು, ಹುಳ ತಿಂದು ಮುಗಿಸಿತ್ತು. ಟೈಮ್ ಕೀಪರನಲ್ಲಿ ಟೈಮ್ ಕೀಪರ್ ಬೆಂಡೆ ಇಲ್ಲ. ಮೂರು ದಿನ ಯೋಚಿಸಿದೆ. ಈ ಪ್ರಾಯದಲ್ಲಿ ಪಾಗಾರ ದಾಟಲು ಕಾಲು ಏಳುವುದಿಲ್ಲ ಎಂಬುದನ್ನೂ ಯೋಚಿಸಿದೆ, ಸುಳ್ಳು ಯಾಕೆ. ನಾಲ್ಕನೆಯ ದಿನ ಗೇಟು ತೆರೆದು ಮುಂಬಾಗಿಲಿನಿಂದ ಹೋಗಿ, ಜೀವನದಲ್ಲಿ ಮೊದಲ ಸಲ ಬೀಜ ಕೇಳಿದೆ. ಅವಳು ಬಚ್ಚಲ ಒಲೆಯ ಮುಂದೆ ಕೂತು ಬೆಂಕಿ ಮಾಡುತ್ತಿದ್ದಳು.

"ಅದಕ್ಕೆ ಕೇಳುವುದೆಂತ ಅಣ್ಣ? ನಿಮ್ಮದೇ ಬೀಜ ಅಲ್ವಾ. ನೀವು ಕೊಟ್ಟದ್ದೇ ಇಷ್ಟರವರೆಗೆ ಬಂದದ್ದು."

ಎದ್ದು ಹೋಗಿ ಬಾಟಲಿ ತಂದು ನನ್ನ ಅಂಗೈಗೆ ಸುರಿದಳು. ಮತ್ತೆ ಒಲೆಯ ಮುಂದೆ ಕೂತಳು. ಒಣ ಕಡ್ಡಿಗಳ ರಾಶಿಯಿಂದ ಒಂದೊಂದನ್ನೇ ಎತ್ತಿ, ಎರಡು ಬದಿ ತಿರುಗಿಸಿ ನೋಡಿ ಒಲೆಗೆ ಇಡುತ್ತಿದ್ದಳು.

"ಎಂತ ನೋಡುವುದು ಅದರಲ್ಲಿ?" ಎಂದೆ.

ಅವಳು ನಕ್ಕಳು. "ಅದೊಂದು ಅಭ್ಯಾಸ ಅಣ್ಣ. ಆ ಬೆಂಡೆಯ ನಂತರ. ಬಟ್ಟೆ ಕಟ್ಟಿದ್ದುಂಟಾ ಅಂತ ನೋಡದೆ ಹಾಕಿದ್ರೆ ಸಮಾಧಾನ ಆಗುವುದಿಲ್ಲ."

"ಅದೆಲ್ಲ ಹಳೆಯ ವಿಷಯ."

"ಹೌದು. ಆದ್ರೆ ಒಂದು ಹೇಳ್ತೇನೆ, ನಗಬಾರದು. ನಾನು ಆ ಎರಡು ಗಿಡ ಬಿಟ್ಟದ್ದು ನನಗೆ ಸರಿಯಾಗಿ ನೆನಪುಂಟು. ನೀಲಿ ಬಟ್ಟೆ, ಪಕ್ಕದಲ್ಲಿ ಒಂದು ಕಲ್ಲು ಕೂಡ ಇಟ್ಟಿದ್ದೆ. ಮತ್ತೆ ಉಮ್ಮ ಅಷ್ಟು ವರ್ಷ ಹೇಳಿ ಹೇಳಿ, ಒಲೆಗೆ ಹಾಕಿದ್ದೂ ನೆನಪಿಗೆ ಬರ್ಲಿಕ್ಕೆ ಶುರುವಾಯ್ತು. ಬಟ್ಟೆಗೆ ಬೆಂಕಿ ಹಿಡಿದದ್ದು ಕಣ್ಣಿಗೆ ಕಾಣ್ತದೆ. ಈಗ ಎರಡೂ ನೆನಪುಂಟು ಅಣ್ಣ. ಯಾವುದು ನಿಜ ಅಂತ ನನಗೇ ಗೊತ್ತಿಲ್ಲ. ಉಮ್ಮ ಹೋದರು, ಇನ್ನು ಕೇಳುವವರೂ ಇಲ್ಲ. ಆದ್ರೂ ಒಂದು ಸಲ ಗೊತ್ತಾಗಿದ್ರೆ ಒಳ್ಳೆದಿತ್ತು ಅಂತ ಕಾಣ್ತದೆ."

ಅಂಗೈಯಲ್ಲಿ ಬೀಜ ಬೆವರಿಗೆ ಅಂಟಿಕೊಂಡಿತ್ತು. ನಾನು ಬಾಯಿ ತೆರೆದೆ. "ಈ ಸಲ ಮಳೆ ಬೇಗ ಬರಬಹುದಾ?" ಎಂದು ಕೇಳಿದೆ. ಜನವರಿಯಲ್ಲಿ ಮಳೆಯ ವಿಷಯ ಕೇಳಿದವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ಅವಳು ಪಾಪ, ಸ್ವಲ್ಪ ಯೋಚಿಸಿ ಉತ್ತರವನ್ನೂ ಕೊಟ್ಟಳು.

ಇಪ್ಪತ್ತೆರಡು ಬೀಜ ಊರಿದೆ. ಕೇಳಿ ತಂದದ್ದು ಹುಟ್ಟುವುದಿಲ್ಲ ಎಂಬ ಹಳೆಯ ಅಂಜಿಕೆಯಲ್ಲಿ ದಿನಾ ಹೋಗಿ ನೋಡುತ್ತಿದ್ದೆ. ಐದನೆಯ ದಿನ ಇಪ್ಪತ್ತೆರಡೂ ಮಣ್ಣು ಒಡೆದು ಎದ್ದಿದ್ದವು, ಒಂದೂ ತಪ್ಪದೆ. ಕದ್ದು ತಂದ ವರ್ಷ ಕೂಡ ಹೀಗೆ ಆಗಿರಲಿಲ್ಲ. ಈಗ ಕಿಟಕಿಯ ಹೊರಗೆ ಗಾಳಿಗೆ ತಲೆ ಆಡಿಸುತ್ತಿರುವ ಗಿಡಗಳು ಅವೇ. ಇಂಥ ಬೆಂಡೆ ಈ ಮೂವತ್ತು ವರ್ಷದಲ್ಲಿ ಈ ಮಣ್ಣಿನಲ್ಲಿ ಬಂದಿಲ್ಲ ಎಂದು ಪ್ರಮಾಣ ಮಾಡಿ ಹೇಳುತ್ತೇನೆ.

ಇವತ್ತು ನಾನು ಬರೆಯುತ್ತ ಕೂತದ್ದನ್ನು ನೋಡಿ ವಾರಿಜ ಕೇಳಿದಳು, "ಎಂತ, ನಾರಾವಿಯ ಚಿಕ್ಕಮ್ಮನನ್ನು ಮಣ್ಣು ಮಾಡುವ ದಿನ ಬಂತಾ?"

"ಬಂದ ಹಾಗೆ ಕಾಣ್ತದೆ."

"ಹೋಗಿ ಬಾಯಲ್ಲಿ ಹೇಳಿದ್ರೆ ಎರಡು ನಿಮಿಷದ ಕೆಲಸ."

ಅವಳು ಹೇಳುವುದು ಸರಿ. ಆದರೆ ಆ ಮನೆಯ ಅಂಗಳದಲ್ಲಿ ನಿಂತರೆ ನನ್ನ ಬಾಯಿ ಮಳೆಯ ವಿಷಯವನ್ನೇ ಮಾತಾಡುತ್ತದೆಂದು ಈಗ ನನಗೆ ಖಾತ್ರಿಯಾಗಿದೆ. ಮತ್ತೆ, ಓಣಿಯ ಬಾಯಲ್ಲೆಲ್ಲ ಓಡಾಡಿದ ಸುಳ್ಳನ್ನು ಅಂಗಳದಲ್ಲಿ ಪಿಸುಗುಟ್ಟಿ ಮುಗಿಸಿದರೆ ಆಗುವುದಿಲ್ಲ. ನಾಲ್ಕು ಜನ ಓದಬೇಕು. ನಮ್ಮ ಮನೆಯ ವಾರಪತ್ರಿಕೆ ವಾರಿಜ ಓದಿ ಮುಗಿಸಿದ ಮೇಲೆ ಪಾಗಾರದ ಆಚೆ ಹೋಗುತ್ತದೆ. ಅವಳು ಬೀಡಿ ಕಟ್ಟಿ ಮುಗಿಸಿ, ಕೈ ತೊಳೆದು, ಮೆಟ್ಟಿಲ ಮೇಲೆ ಕೂತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದು ಅಕ್ಷರ ಬಿಡದೆ ಓದುತ್ತಾಳೆ. ಪತ್ರಿಕೆಯವರು ಇದನ್ನು ಹಾಕಿದರೆ ಈ ಪುಟಕ್ಕೂ ಬಂದೇ ಬರುತ್ತಾಳೆ.

ಬಂದಿದ್ದರೆ, ಕೇಳು. ನಿನ್ನ ಮೊದಲಿನ ನೆನಪೇ ನಿಜ. ನೀನು ಎರಡೂ ಗಿಡವನ್ನು ಬಿಟ್ಟಿದ್ದೆ. ಪಕ್ಕದಲ್ಲಿ ಕಲ್ಲೂ ಇತ್ತು, ಎಳೆಯುವಾಗ ನನ್ನ ಕಾಲಿಗೆ ತಾಗಿತ್ತು. ನಿನ್ನ ಒಲೆಯಲ್ಲಿ ಬಟ್ಟೆಗೆ ಬೆಂಕಿ ಹಿಡಿಯಲೇ ಇಲ್ಲ, ಎರಡು ತುಂಡೂ ನನ್ನ ಡಬ್ಬಿಯಲ್ಲಿವೆ. ನೀನು ಏನನ್ನೂ ಉರಿಸಲಿಲ್ಲ. ಕದ್ದವನು ನಾನು. ತಪ್ಪಾಯಿತು, ಜೋಹರಾ.